ಅಪಘಾತದ ಕುತ್ತಿಗೆ ನೋವು, ಅಕ್ಯುಪಂಕ್ಚರ್ ಸೂಜಿ: ವಿಮೆ ಎಲ್ಲಿಯವರೆಗೆ ಹಣ ಕೊಡಬೇಕು?

ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದುತ್ತದೆ. ಬಂಪರ್ ನೆಗ್ಗುತ್ತದೆ, ಯಾರಿಗೂ ರಕ್ತ ಬರುವುದಿಲ್ಲ. ಪೊಲೀಸರು ಬಂದು ಬರೆದುಕೊಂಡು ಹೋಗುತ್ತಾರೆ. ಮಾರನೆಯ ಬೆಳಿಗ್ಗೆ ಎದ್ದರೆ ಕತ್ತು ಎಡಕ್ಕೂ ಹೊರಳದು, ಬಲಕ್ಕೂ ಹೊರಳದು. ತಲೆಯ ಹಿಂಭಾಗದಿಂದ ಭುಜದವರೆಗೆ ಹಲಗೆಯಂಥ ಬಿಗಿತ. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ವೈದ್ಯರು ನೋವಿನ ಮಾತ್ರೆ ಬರೆದುಕೊಟ್ಟು, ಮಲಗಿಬಿಡಬೇಡಿ, ಓಡಾಡಿಕೊಂಡಿರಿ, ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ. ಬಹಳಷ್ಟು ಜನಕ್ಕೆ ಹಾಗೇ ಆಗುತ್ತದೆ. ಆಗದೆ ಉಳಿದವರ ಪಾಡು ಮಾತ್ರ ಬೇರೆ. ತಿಂಗಳುಗಟ್ಟಲೆ ತಲೆನೋವು, ನಿದ್ರೆಗೇಡು, ಕಂಪ್ಯೂಟರ್ ಮುಂದೆ ಅರ್ಧ ಗಂಟೆ ಕೂರಲಾಗದ ಸ್ಥಿತಿ. ನೋಡಿದವರಿಗೆ ಇವರು ಚೆನ್ನಾಗಿಯೇ ಇದ್ದಾರೆ.

ಹೀಗೆ ಉಳಿದುಹೋಗುವ ನೋವಿಗೆ ಅಮೆರಿಕ, ಕೆನಡಾಗಳಲ್ಲಿ ಅಕ್ಯುಪಂಕ್ಚರ್ ಮಾಡಿಸಿಕೊಳ್ಳುವವರು ಸಾಕಷ್ಟಿದ್ದಾರೆ. ಅನೇಕ ಕಡೆ ಆ ಖರ್ಚನ್ನು ಭರಿಸುವುದು ಆರೋಗ್ಯ ವಿಮೆಯಲ್ಲ, ಕಾರಿನ ವಿಮೆ. ಥರ್ಡ್ ಪಾರ್ಟಿ ಪಾಲಿಸಿ ಎಂದರೆ ಪೊಲೀಸರು ಹಿಡಿದಾಗ ತೋರಿಸುವ ಕಾಗದ ಎಂದುಕೊಂಡು ಬೆಳೆದ ನಮಗೆ ಇದು ಹೊಸದೆನಿಸುತ್ತದೆ. ಈ ಬಗ್ಗೆ ನಡೆಯುವ ವಾದಗಳಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಸೂಜಿಯಿಂದ ನೋವು ಕಡಿಮೆಯಾಗುತ್ತದೆಯೇ ಎಂಬುದು ಒಂದು; ಅದಕ್ಕೆ ವಿಮೆಯ ಹಣ ಹೋಗಬೇಕೇ, ಎಷ್ಟು ದಿನ ಹೋಗಬೇಕು ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ಸಂಶೋಧನೆ ಬೇಕಾದಷ್ಟಿದೆ. ಎರಡನೆಯದೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಹಣ ಕೊಡುವ ನಿಯಮ ಹೇಗಿದೆ ಎಂಬುದರ ಮೇಲೆ ನೋವು ಎಷ್ಟು ಕಾಲ ಉಳಿಯುತ್ತದೆ ಎಂಬುದೂ ನಿಂತಿದೆ.

ಈ ಗಾಯಕ್ಕೆ ಅಲ್ಲಿನ ಹೆಸರು ವಿಪ್‌ಲ್ಯಾಶ್. ಕತ್ತು ಒಮ್ಮೆಗೇ ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮುವುದರಿಂದ ಸ್ನಾಯು, ಅಸ್ಥಿರಜ್ಜು, ಕೀಲುಗಳಿಗೆ ಆಗುವ ಪೆಟ್ಟು. ಇದನ್ನು ಕ್ರಮವಾಗಿ ವಿಂಗಡಿಸಿದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕಾರ್ಯಪಡೆಯ 1995ರ ವರದಿ. ಅದನ್ನು ಮಾಡಿಸಿದ್ದು ಆ ಪ್ರಾಂತ್ಯದ ಸರ್ಕಾರಿ ವಾಹನ ವಿಮಾ ಸಂಸ್ಥೆಯೇ. ಮೊದಲ ದರ್ಜೆಯಲ್ಲಿ ಬರೀ ನೋವು, ಬಿಗಿತ. ಎರಡನೆಯದರಲ್ಲಿ ಕತ್ತಿನ ಚಲನೆ ಕುಗ್ಗಿರುವುದು, ಒತ್ತಿದರೆ ನೋಯುವುದು ಪರೀಕ್ಷೆಯಲ್ಲೇ ಗೊತ್ತಾಗುತ್ತದೆ. ಮೂರನೆಯದರಲ್ಲಿ ನರಕ್ಕೆ ಪೆಟ್ಟು. ಕೈ ಜೋಮು ಹಿಡಿಯುತ್ತದೆ, ಬಲ ಕಡಿಮೆಯಾಗುತ್ತದೆ. ನಾಲ್ಕನೆಯದು ಮೂಳೆ ಮುರಿದಿರುವುದು ಇಲ್ಲವೇ ಕೀಲು ಜಾರಿರುವುದು. ಅಕ್ಯುಪಂಕ್ಚರ್ ಬಗ್ಗೆ ನಡೆಯುವ ಚರ್ಚೆಯೆಲ್ಲ ಬಹುಪಾಲು ಮೊದಲ ಎರಡು ದರ್ಜೆಗಳದ್ದು. ನಾಲ್ಕನೆಯದಕ್ಕೆ ಸೂಜಿ ಹಿಡಿದವರ ಬಳಿ ಹೋಗುವುದು ಅಪಾಯ. ಕೈಕಾಲು ಜೋಮು, ನಡೆಯುವಾಗ ತೂರಾಟ, ಮೂತ್ರದ ಹಿಡಿತ ತಪ್ಪುವುದು, ಏರುತ್ತಲೇ ಹೋಗುವ ತಲೆನೋವು ಮತ್ತು ವಾಂತಿ, ಇವುಗಳಲ್ಲಿ ಒಂದಿದ್ದರೂ ಮೊದಲು ಆಸ್ಪತ್ರೆ. 2001ರಲ್ಲಿ ಪ್ರಕಟವಾದ ಕೆನಡಾದ ಕತ್ತಿನ ಮೂಳೆ ನಿಯಮವನ್ನು ತುರ್ತು ಚಿಕಿತ್ಸಾ ವೈದ್ಯರು ಇಂದಿಗೂ ಬಳಸುತ್ತಾರೆ. ವಯಸ್ಸು 65 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಅಪಘಾತ ಭೀಕರವಾಗಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ ಕತ್ತಿನ ಎಕ್ಸ್‌ರೇಯಂಥ ಚಿತ್ರ ತೆಗೆಸಲೇಬೇಕು. ಅಪಾಯ ಕಡಿಮೆ ಇರುವವರಲ್ಲೂ ಕತ್ತು ಎರಡೂ ಕಡೆ 45 ಡಿಗ್ರಿ ಹೊರಳದಿದ್ದರೆ ತೆಗೆಸಬೇಕು.

ಇನ್ನು ಹಣದ ದಾರಿ. 1965ರಲ್ಲಿ ರಾಬರ್ಟ್ ಕೀಟನ್, ಜೆಫ್ರಿ ಓಕಾನೆಲ್ ಎಂಬ ಇಬ್ಬರು ಅಮೆರಿಕನ್ ಕಾನೂನು ಪ್ರಾಧ್ಯಾಪಕರು ಒಂದು ಯೋಜನೆ ಮುಂದಿಟ್ಟರು. ಅಪಘಾತವಾದಾಗ ಯಾರ ತಪ್ಪು ಎಂದು ವರ್ಷಗಟ್ಟಲೆ ಕೋರ್ಟಿನಲ್ಲಿ ಕಾದಾಡುವ ಬದಲು, ಗಾಯಗೊಂಡವರ ಚಿಕಿತ್ಸೆಗೆ ಅವರವರ ಕಾರಿನ ವಿಮೆಯೇ ಮೊದಲು ಹಣ ಕೊಡಲಿ ಎಂದರು. 1971ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಅದನ್ನು ಜಾರಿಗೆ ತಂದಿತು, ಉಳಿದ ಕೆಲವು ರಾಜ್ಯಗಳು ಹಿಂಬಾಲಿಸಿದವು. ಇದನ್ನು ನೋ-ಫಾಲ್ಟ್ ವಿಮೆ ಎನ್ನುತ್ತಾರೆ. ಪಾಲಿಸಿಯ ಆ ಭಾಗವನ್ನು ಪಿಐಪಿ ಎಂದು ಕರೆಯುತ್ತಾರೆ. ನ್ಯೂಯಾರ್ಕ್‌ನಲ್ಲಿ ಇದರ ಮೂಲ ಮಿತಿ ಒಬ್ಬರಿಗೆ 50,000 ಡಾಲರ್. ಚಿಕಿತ್ಸೆ, ಕಳೆದುಕೊಂಡ ಸಂಬಳ ಎಲ್ಲ ಅದರೊಳಗೇ. ಅಪಘಾತವಾದ 30 ದಿನದೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಚಿಕಿತ್ಸೆ ಕೊಟ್ಟವರು 45 ದಿನದೊಳಗೆ ಬಿಲ್ಲು ಕಳಿಸಬೇಕು. ಒರೆಗಾನ್‌ನಲ್ಲಿ 15,000 ಡಾಲರ್, ಎರಡು ವರ್ಷದ ಅವಧಿ. ಕನ್ನಡಿಗರು ಬಹಳ ಸಂಖ್ಯೆಯಲ್ಲಿರುವ ನ್ಯೂಜೆರ್ಸಿಯಲ್ಲಿ 15,000ದಿಂದ 2,50,000 ಡಾಲರ್‌ವರೆಗೆ ಮಿತಿಯನ್ನು ಪಾಲಿಸಿ ಕೊಳ್ಳುವವರೇ ಆರಿಸಿಕೊಳ್ಳಬಹುದು. ಪ್ರೀಮಿಯಂ ಉಳಿಸಲು ಕಡಿಮೆ ಮಿತಿ ಆರಿಸಿಕೊಂಡವರಿಗೆ ಅದರ ಬೆಲೆ ತಿಳಿಯುವುದು ಅಪಘಾತವಾದ ಮೇಲೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಊರಿನಿಂದ ಮಗಳ ಮನೆಗೆಂದು ಹೋದ ಅಪ್ಪ ಅಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದಾಗ ಅಪಘಾತವಾದರೆ, ಮನೆಯವರು ಹುಡುಕುವುದು ಪ್ರವಾಸಿ ವಿಮೆಯ ಕಾಗದ. ನ್ಯೂಯಾರ್ಕ್‌ನಂಥ ರಾಜ್ಯದಲ್ಲಿ ಆ ಕಾರಿನ ನೋ-ಫಾಲ್ಟ್ ವಿಮೆ ಒಳಗೆ ಕುಳಿತ ಪ್ರಯಾಣಿಕರಿಗೂ ಅನ್ವಯಿಸುತ್ತದೆ. ಅದು ಗೊತ್ತಿಲ್ಲದೆ 30 ದಿನ ಕಳೆದುಹೋದರೆ ಸಿಗಬೇಕಾದ ಚಿಕಿತ್ಸೆ ಸಿಗದೇ ಹೋಗಬಹುದು.

ಕ್ಯಾಲಿಫೋರ್ನಿಯಾದ ವ್ಯವಸ್ಥೆ ಇದಕ್ಕೆ ವಿರುದ್ಧ. ಅಲ್ಲಿ ನೋ-ಫಾಲ್ಟ್ ಇಲ್ಲ; ತಪ್ಪು ಮಾಡಿದವರ ವಿಮೆ ಕೊನೆಗೆ ಹಣ ಕೊಡಬೇಕು. ಮೆಡ್‌ಪೇ ಎಂಬ ಐಚ್ಛಿಕ ಭಾಗವನ್ನು ಮೊದಲೇ ಕೊಂಡಿದ್ದರೆ ಅದರಿಂದ ಅಕ್ಯುಪಂಕ್ಚರ್ ಬಿಲ್ಲು ತೀರಿಸಬಹುದು. ಕೊಳ್ಳದವರು ಲೀನ್ ಎಂಬ ಕರಾರಿಗೆ ಸಹಿ ಹಾಕುತ್ತಾರೆ. ಕ್ಲಿನಿಕ್ ಈಗ ಚಿಕಿತ್ಸೆ ಕೊಡುತ್ತದೆ, ಮುಂದೆ ಪರಿಹಾರದ ಹಣ ಬಂದಾಗ ಅದರಿಂದ ತನ್ನ ಪಾಲು ಹಿಡಿದುಕೊಳ್ಳುತ್ತದೆ. ಕೈಯಲ್ಲಿ ಹಣವಿಲ್ಲದವರಿಗೆ ಇದು ಆಸರೆ, ನಿಜ. ಆದರೆ ಬಿಲ್ಲು ದೊಡ್ಡದಾದಷ್ಟೂ ಪರಿಹಾರ ದೊಡ್ಡದಾಗುತ್ತದೆ ಎಂಬ ಲೆಕ್ಕಾಚಾರ ವಕೀಲರನ್ನೂ ಕ್ಲಿನಿಕ್ಕನ್ನೂ ಒಂದೇ ಕಡೆ ಎಳೆಯುತ್ತದೆ. ಬೇಗ ಗುಣವಾಗುವುದರಲ್ಲಿ ಆಸಕ್ತಿ ಇರುವವರು ಆ ಸಾಲಿನಲ್ಲಿ ರೋಗಿ ಒಬ್ಬರೇ.

ಚೀನಾದ ಈ ಚಿಕಿತ್ಸೆ ಅಮೆರಿಕದ ಬಿಲ್ಲಿನೊಳಗೆ ಹೊಕ್ಕಿದ್ದು ಹೇಗೆ ಎಂಬುದು ದೊಡ್ಡ ಕಥೆ. 1971ರ ಜುಲೈನಲ್ಲಿ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರ ಸೂಜಿ ಹಾಕಿಸಿಕೊಂಡಿದ್ದನ್ನು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಮುಂದಿನ ವರ್ಷ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋಗಿಬಂದರು. 1973ರಲ್ಲಿ ನೆವಾಡ ರಾಜ್ಯ ಅಕ್ಯುಪಂಕ್ಚರ್ ಪರವಾನಗಿಯ ಕಾನೂನು ಮಾಡಿತು. 1996ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಸೂಜಿಗಳನ್ನು ಪ್ರಾಯೋಗಿಕ ಉಪಕರಣಗಳ ಪಟ್ಟಿಯಿಂದ ತೆಗೆದು, ಒಮ್ಮೆ ಮಾತ್ರ ಬಳಸುವ ಕ್ರಿಮಿರಹಿತ ವೈದ್ಯಕೀಯ ಉಪಕರಣವೆಂದು ಒಪ್ಪಿತು. ಬಿಲ್ಲಿಗೆ ಪ್ರತ್ಯೇಕ ಸಂಕೇತಗಳು ಬಂದವು: 97810 ಎಂದರೆ ವಿದ್ಯುತ್ ಇಲ್ಲದ ಸೂಜಿ, ಚಿಕಿತ್ಸಕರು ರೋಗಿಯ ಜೊತೆ ಕಳೆದ ಮೊದಲ 15 ನಿಮಿಷ, 97813 ಎಂದರೆ ವಿದ್ಯುತ್ ಹಾಯಿಸಿದ ಸೂಜಿ. ಸೂಜಿ ಚುಚ್ಚಿಸಿಕೊಂಡು ರೋಗಿ ಒಂಟಿಯಾಗಿ ಮಲಗಿದ್ದ ಹೊತ್ತನ್ನು ಇದರಲ್ಲಿ ಎಣಿಸುವಂತಿಲ್ಲ. ವಿಮಾ ಕಂಪನಿಗೂ ಕ್ಲಿನಿಕ್ಕಿಗೂ ನಡೆಯುವ ಜಗಳಗಳಲ್ಲಿ ಒಂದು ಈ ನಿಮಿಷಗಳದ್ದೇ.

ಸೂಜಿಯಿಂದ ಉಪಯೋಗವಿದೆಯೇ? ಮೊದಲು ದೊಡ್ಡ ಚಿತ್ರ ನೋಡೋಣ. ಆಂಡ್ರ್ಯೂ ವಿಕರ್ಸ್ ಮತ್ತು ಸಂಗಡಿಗರು 2018ರಲ್ಲಿ 39 ಪ್ರಯೋಗಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಬೆನ್ನು, ಕುತ್ತಿಗೆ, ಮಂಡಿ, ತಲೆನೋವುಗಳಲ್ಲಿ ಅಕ್ಯುಪಂಕ್ಚರ್ ಮಾಡಿಸಿಕೊಳ್ಳದವರಿಗಿಂತ ಮಾಡಿಸಿಕೊಂಡವರಿಗೆ ಸಾಕಷ್ಟು ಮೇಲು. ಹುಸಿ ಸೂಜಿ ಹಾಕಿಸಿಕೊಂಡವರಿಗೆ ಹೋಲಿಸಿದರೆ ಮೇಲು ಹೌದು, ಆದರೆ ಅಂತರ ಚಿಕ್ಕದು. ಈ ಚಿಕ್ಕ ಅಂತರ ಎಲ್ಲ ಕಡೆ ಮತ್ತೆ ಮತ್ತೆ ಕಾಣುತ್ತದೆ. ಜರ್ಮನಿಯಲ್ಲಿ ಸೊಂಟನೋವಿನ 1,162 ಜನರ ಮೇಲೆ ನಡೆದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ನಿಜವಾದ ಸೂಜಿಯಿಂದ ಶೇ 47.6 ಜನಕ್ಕೆ ಗುಣ ಕಂಡಿತು, ಅಕ್ಯುಪಂಕ್ಚರ್ ಶಾಸ್ತ್ರ ಹೇಳುವ ಬಿಂದು ಬಿಟ್ಟು ಬೇರೆಲ್ಲೋ ಮೇಲುಮೇಲೆ ಚುಚ್ಚಿದ ಹುಸಿ ಸೂಜಿಯಿಂದ ಶೇ 44.2 ಜನಕ್ಕೆ, ಮಾತ್ರೆ ಮತ್ತು ವ್ಯಾಯಾಮದ ಮಾಮೂಲಿ ಚಿಕಿತ್ಸೆಯಿಂದ ಶೇ 27.4 ಜನಕ್ಕೆ. ಬಿಂದುಗಳ ಶಾಸ್ತ್ರವನ್ನು ನಂಬುವವರಿಗೆ ಇದು ಪೆಟ್ಟು. ಮಾಮೂಲಿ ಚಿಕಿತ್ಸೆ ಸಾಕು ಎನ್ನುವವರಿಗೆ ಅದಕ್ಕಿಂತ ದೊಡ್ಡ ಪೆಟ್ಟು. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ 2007ರಿಂದ ದೀರ್ಘಕಾಲದ ಸೊಂಟನೋವು, ಮಂಡಿ ಸವೆತಗಳಿಗೆ ಅಕ್ಯುಪಂಕ್ಚರ್ ಖರ್ಚು ಕೊಡುತ್ತಿದೆ.

ಕುತ್ತಿಗೆಯ ಮಟ್ಟಿಗೆ ಒಳ್ಳೆಯ ಪ್ರಯೋಗ ಬ್ರಿಟನ್ನಿನದು. 2015ರಲ್ಲಿ ಹ್ಯೂ ಮ್ಯಾಕ್‌ಫರ್ಸನ್ ತಂಡ ದೀರ್ಘಕಾಲದ ಕುತ್ತಿಗೆ ನೋವಿನ 517 ಜನರ ಫಲಿತಾಂಶ ಪ್ರಕಟಿಸಿತು; ಒಂದು ವರ್ಷದ ನಂತರವೂ ಸೂಜಿ ಹಾಕಿಸಿಕೊಂಡವರ ನೋವಿನ ಅಂಕ ಮಾಮೂಲಿ ಚಿಕಿತ್ಸೆಯವರಿಗಿಂತ ಸುಮಾರು 4 ಶೇಕಡಾ ಅಂಶ ಕಡಿಮೆಯಿತ್ತು. ಆದರೆ ಇವರೆಲ್ಲ ಅಪಘಾತವಾದವರಲ್ಲ. ವಿಪ್‌ಲ್ಯಾಶ್‌ನವರ ಮೇಲೆಯೇ ಮಾಡಿದ ಗಟ್ಟಿ ಪ್ರಯೋಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ನಾನು ಹೆಚ್ಚು ತೂಕ ಕೊಡುವುದು ಇಯಾನ್ ಕ್ಯಾಮರಾನ್ ಮತ್ತು ಸಂಗಡಿಗರು 2011ರಲ್ಲಿ ಸಿಡ್ನಿಯಿಂದ ಪ್ರಕಟಿಸಿದ 124 ಜನರ ಅಧ್ಯಯನಕ್ಕೆ. ವಿದ್ಯುತ್ ಹಾಯಿಸಿದ ಸೂಜಿ ಹಾಕಿಸಿಕೊಂಡವರ ನೋವು ಹುಸಿ ಚಿಕಿತ್ಸೆಯವರಿಗಿಂತ ಹೆಚ್ಚು ಇಳಿಯಿತು, ಆರು ತಿಂಗಳವರೆಗೆ ಇಳಿದೇ ಇತ್ತು. ಆ ಇಳಿತ ದಿನನಿತ್ಯದ ಬದುಕಿನಲ್ಲಿ ಎದ್ದು ಕಾಣುವಷ್ಟು ದೊಡ್ಡದಿರಲಾರದು ಎಂದು ಸಂಶೋಧಕರೇ ಬರೆದರು. ಕೆಲಸ ಮಾಡುವ ಶಕ್ತಿಯಲ್ಲಿ, ಬದುಕಿನ ಗುಣಮಟ್ಟದಲ್ಲಿ ವ್ಯತ್ಯಾಸ ಬರಲಿಲ್ಲ. ಇಷ್ಟು ಪ್ರಾಮಾಣಿಕ ತೀರ್ಮಾನವನ್ನು ಕ್ಲಿನಿಕ್ಕುಗಳ ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ.

ಪುರಾವೆ ಹೀಗೆ ನಡುಮಧ್ಯೆ ನಿಂತಿರುವುದರಿಂದ ಮಾರ್ಗಸೂಚಿಗಳೂ ಒಂದೊಂದು ದಿಕ್ಕಿಗೆ ಹೋಗಿವೆ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ಚಿಕಿತ್ಸೆಗಳಲ್ಲಿ ಅಕ್ಯುಪಂಕ್ಚರನ್ನು ಸೇರಿಸಿತು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2016ರಲ್ಲಿ ಅದೇ ಸೊಂಟನೋವಿಗೆ ಅಕ್ಯುಪಂಕ್ಚರ್ ಕೊಡಬೇಡಿ ಎಂದಿತು. 2021ರಲ್ಲಿ ಕಾರಣ ಗೊತ್ತಾಗದ ದೀರ್ಘಕಾಲದ ನೋವಿಗೆ ಒಂದೇ ಸುತ್ತು, ಒಟ್ಟು ಐದು ಗಂಟೆ ಮೀರದಂತೆ ಕೊಡಬಹುದು ಎಂದಿತು. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2020ರ ಜನವರಿಯಿಂದ ದೀರ್ಘಕಾಲದ ಸೊಂಟನೋವಿಗೆ 90 ದಿನದಲ್ಲಿ 12 ಸಲಕ್ಕೆ ಹಣ ಕೊಡುತ್ತದೆ. ಗುಣ ಕಂಡರೆ ಇನ್ನೂ 8, ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಕುತ್ತಿಗೆಗೆ ಇದು ಅನ್ವಯಿಸದಿದ್ದರೂ ಗುಣ ಕಾಣದಿದ್ದರೆ ನಿಲ್ಲಿಸಿ ಎಂಬ ಆ ಷರತ್ತು ಅಪಘಾತದ ವಿಮೆಯಲ್ಲೂ ಇರಬೇಕಿತ್ತು.

ಆ ಷರತ್ತು ಇಲ್ಲದ ಕಡೆ ಏನಾಯಿತು ಎಂಬುದಕ್ಕೆ ನ್ಯೂಯಾರ್ಕ್ ಸಾಕ್ಷಿ. 2012ರ ಫೆಬ್ರುವರಿಯಲ್ಲಿ ಅಲ್ಲಿನ ಫೆಡರಲ್ ಪ್ರಾಸಿಕ್ಯೂಟರ್‌ಗಳು 36 ಜನರ ಮೇಲೆ ಆರೋಪ ಹೊರಿಸಿದರು. ಅವರಲ್ಲಿ 10 ಮಂದಿ ವೈದ್ಯರು. ಆರೋಪಿಸಿದ ವಂಚನೆಯ ಮೊತ್ತ 27.9 ಕೋಟಿ ಡಾಲರ್. ಸಣ್ಣ ಅಪಘಾತದಲ್ಲಿ ಸಿಕ್ಕವರನ್ನು ಕ್ಲಿನಿಕ್ಕಿಗೆ ಸಾಗಿಸಿ, ಫಿಸಿಯೋಥೆರಪಿ, ಅಕ್ಯುಪಂಕ್ಚರ್, ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಕೈರೋಪ್ರ್ಯಾಕ್ಟಿಕ್ ಎಂದು ವಾರಕ್ಕೆ ಐದು ಸಲದವರೆಗೂ ಅನಗತ್ಯ ಚಿಕಿತ್ಸೆ ಬರೆದು 50,000 ಡಾಲರ್‌ನ ಮಿತಿಯನ್ನು ಕರಗಿಸುತ್ತಿದ್ದರು ಎಂಬುದು ಆರೋಪದ ಸಾರ.

ಅದೇ ವರ್ಷ ಫ್ಲಾರಿಡಾ ವಂಚನೆಗೆ ಮದ್ದು ಎಂದು ಕಾನೂನನ್ನೇ ತಿದ್ದಿತು. 2013ರ ಜನವರಿಯಿಂದ ಅಲ್ಲಿ 10,000 ಡಾಲರ್‌ನ ಪಿಐಪಿ ಬೇಕಿದ್ದರೆ 14 ದಿನದೊಳಗೆ ವೈದ್ಯರನ್ನು ನೋಡಬೇಕು. ತುರ್ತು ಸ್ಥಿತಿ ಎಂದು ಅವರು ಬರೆದುಕೊಡದಿದ್ದರೆ ಸಿಗುವುದು 2,500 ಮಾತ್ರ. ಮಸಾಜಿಗೂ ಅಕ್ಯುಪಂಕ್ಚರಿಗೂ ಒಂದು ಡಾಲರೂ ಇಲ್ಲ. ಚಿಕಿತ್ಸಕರು ಕೋರ್ಟಿಗೆ ಹೋದರು, ಮಾರ್ಚ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು, ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಈ ತಿದ್ದುಪಡಿ ನನಗೆ ಸರಿಕಾಣುವುದಿಲ್ಲ. ಸುಳ್ಳು ಬಿಲ್ಲು ಬರೆದವರು ಬೇರೆ, ಕತ್ತು ಹೊರಳದೆ ಬಂದವರು ಬೇರೆ. ಒಂದು ಚಿಕಿತ್ಸೆಯನ್ನು ಪೂರ್ತಿ ಹೊರಗಿಟ್ಟರೆ ಶಿಕ್ಷೆ ಬೀಳುವುದು ಎರಡನೆಯವರಿಗೆ. ಮೊದಲನೆಯವರು ಬಿಲ್ಲಿನ ಶೀರ್ಷಿಕೆ ಬದಲಿಸಿಕೊಳ್ಳಬಲ್ಲರು.

ಇನ್ನು, ಎಲ್ಲಕ್ಕಿಂತ ಆಲೋಚನೆಗೆ ಹಚ್ಚುವ ಭಾಗ. ಕೆನಡಾದ ಸಸ್ಕಾಚವಾನ್ ಪ್ರಾಂತ್ಯ 1995ರ ಜನವರಿ 1ರಂದು ಮೊಕದ್ದಮೆ ಪದ್ಧತಿಯಿಂದ ನೋ-ಫಾಲ್ಟ್‌ಗೆ ಬದಲಾಯಿತು. ನೋವು ಮತ್ತು ಯಾತನೆಗೆಂದು ಸಿಗುತ್ತಿದ್ದ ಪರಿಹಾರ ನಿಂತಿತು, ಚಿಕಿತ್ಸೆಯ ಹಣ ಹೆಚ್ಚಿತು. ಡೇವಿಡ್ ಕ್ಯಾಸಿಡಿ ಮತ್ತು ಸಂಗಡಿಗರು ಬದಲಾವಣೆಯ ಹಿಂದುಮುಂದಿನ ಕ್ಲೇಮುಗಳನ್ನು ಅಧ್ಯಯನ ಮಾಡಿ 2000ರಲ್ಲಿ ಪ್ರಕಟಿಸಿದರು. ಆರು ತಿಂಗಳಲ್ಲಿ ಲಕ್ಷ ಜನಕ್ಕೆ 417 ಇದ್ದ ವಿಪ್‌ಲ್ಯಾಶ್ ಕ್ಲೇಮು 302ಕ್ಕೆ ಇಳಿದಿತ್ತು. ಗಾಯವಾದಂದಿನಿಂದ ಕ್ಲೇಮು ಮುಗಿಯುವವರೆಗಿನ ಮಧ್ಯಾಂಕ ಅವಧಿ 433 ದಿನದಿಂದ 200ರ ಆಸುಪಾಸಿಗೆ ಬಂದಿತ್ತು. ಇದಕ್ಕೂ ಮೊದಲು, 1996ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ, ಹೆರಾಲ್ಡ್ ಶ್ರೇಡರ್ ತಂಡ ಲಿಥುವೇನಿಯಾದಲ್ಲಿ ಹಿಂದಿನಿಂದ ಗುದ್ದಿಸಿಕೊಂಡಿದ್ದ 202 ಜನರನ್ನು ಒಂದರಿಂದ ಮೂರು ವರ್ಷದ ನಂತರ ಭೇಟಿಯಾಗಿತ್ತು. ಪರಿಹಾರ ಕೇಳುವ ರೂಢಿಯೇ ಆಗ ಇಲ್ಲದಿದ್ದ ಆ ದೇಶದಲ್ಲಿ ಅವರ ಕುತ್ತಿಗೆ ನೋವು ಅಪಘಾತವಾಗದ ಜನರಿಗಿಂತ ಹೆಚ್ಚೇನೂ ಇರಲಿಲ್ಲ. ಆ ಅಧ್ಯಯನದ ಗಾತ್ರ ಚಿಕ್ಕದು ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ.

ಈ ಎರಡು ಅಧ್ಯಯನಗಳನ್ನು ಹಿಡಿದು, ನೋಡಿ, ಎಲ್ಲ ಹಣಕ್ಕಾಗಿ ಮಾಡುವ ನಟನೆ ಎನ್ನುವವರಿದ್ದಾರೆ. ಆ ಮಾತು ಕ್ರೂರ, ಮತ್ತು ತಪ್ಪು. ತನ್ನ ನೋವನ್ನು ಅಪರಿಚಿತ ವೈದ್ಯರ ಮುಂದೆ, ವಕೀಲರ ಮುಂದೆ, ವಿಮಾ ಅಧಿಕಾರಿಯ ಮುಂದೆ ತಿಂಗಳುಗಟ್ಟಲೆ ಸಾಬೀತು ಮಾಡುತ್ತಲೇ ಇರಬೇಕಾದವರು ಆ ನೋವಿನ ಮೇಲಿಂದ ಗಮನ ತೆಗೆಯಲು ಹೇಗೆ ಸಾಧ್ಯ? ಭಯ, ಆತಂಕ, ಅಪಮಾನಗಳಿಂದ ನೋವು ಉಲ್ಬಣಿಸುತ್ತದೆ ಎಂಬುದನ್ನು ನರವಿಜ್ಞಾನ ಒಪ್ಪಿ ಬಹಳ ಕಾಲವಾಯಿತು.

ಪಿಯರ್ ಕೋಟೆ ಅದೇ ಸಸ್ಕಾಚವಾನ್ ದಾಖಲೆಗಳಿಂದ 2005 ಮತ್ತು 2007ರಲ್ಲಿ ತೋರಿಸಿದ್ದು ಇನ್ನೂ ಕಹಿಯಾದ ವಿಷಯ. ಮೊದಲ ವಾರಗಳಲ್ಲಿ ವೈದ್ಯರು, ಕೈರೋಪ್ರ್ಯಾಕ್ಟರ್ ಎಂದು ಅತಿ ಹೆಚ್ಚು ಸಲ ಅಲೆದವರು ಕಡಿಮೆ ಚಿಕಿತ್ಸೆ ಪಡೆದವರಿಗಿಂತ ನಿಧಾನವಾಗಿ ಚೇತರಿಸಿಕೊಂಡಿದ್ದರು. ಹೆಚ್ಚು ನೋವಿದ್ದವರೇ ಹೆಚ್ಚು ಅಲೆದಿರಬಹುದು. ಗಾಯದ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಈ ಅನುಮಾನ ಪೂರ್ತಿ ಹೋಗುವುದಿಲ್ಲ. ಆದರೂ ಹೆಚ್ಚು ಚಿಕಿತ್ಸೆ ಎಂದರೆ ಹೆಚ್ಚು ಗುಣ ಎಂಬ ನಂಬಿಕೆ ಇಲ್ಲಿ ಅಲುಗಾಡುತ್ತದೆ. ಅಕ್ಯುಪಂಕ್ಚರ್ ಇವರ ಅಧ್ಯಯನದ ವಸ್ತುವಲ್ಲ. ಆದರೆ ವಾರಕ್ಕೆ ಮೂರು ನಾಲ್ಕು ಸಲ ಬನ್ನಿ, ಹೇಗೂ ವಿಮೆ ಕೊಡುತ್ತದೆ ಎಂದು ಕರೆಯುವ ಯಾವ ಚಿಕಿತ್ಸಾಲಯಕ್ಕೂ ಈ ಎಚ್ಚರಿಕೆ ಸಲ್ಲುತ್ತದೆ.

ಈ ದೃಷ್ಟಿಯಿಂದ ನನಗೆ ಹೆಚ್ಚು ವಿವೇಕದ್ದೆಂದು ತೋರುವ ವ್ಯವಸ್ಥೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ್ದು. ಅಲ್ಲಿ ಮೂಲ ವಾಹನ ವಿಮೆ 1973ರಲ್ಲಿ ಸ್ಥಾಪನೆಯಾದ ಐಸಿಬಿಸಿ ಎಂಬ ಸರ್ಕಾರಿ ನಿಗಮದ ಕೈಯಲ್ಲಿದೆ. 2019ರ ಏಪ್ರಿಲ್ 1ರಿಂದ ಅಪಘಾತವಾದ ಮೊದಲ 12 ವಾರಗಳಲ್ಲಿ ನಿಗದಿತ ಸಂಖ್ಯೆಯ ಚಿಕಿತ್ಸೆಗೆ ಮೊದಲೇ ಒಪ್ಪಿಗೆ ಇರುತ್ತದೆ: ಫಿಸಿಯೋಥೆರಪಿ 25, ಕೈರೋಪ್ರ್ಯಾಕ್ಟಿಕ್ 25, ಅಕ್ಯುಪಂಕ್ಚರ್ 12, ಮಸಾಜ್ ಥೆರಪಿ 12, ಆಪ್ತಸಮಾಲೋಚನೆ 12. ಇದಕ್ಕೆ ವೈದ್ಯರ ಚೀಟಿ ಬೇಡ, ಅಧಿಕಾರಿಯ ಮುಂದೆ ಗೋಗರೆಯಬೇಕಿಲ್ಲ. 12 ವಾರದ ನಂತರವೂ ಬೇಕೆಂದರೆ ಚಿಕಿತ್ಸಕರು ಏನು ಸುಧಾರಿಸಿದೆ ಎಂದು ಬರೆದು ಒಪ್ಪಿಗೆ ಪಡೆಯಬೇಕು. 2021ರ ಮೇ ತಿಂಗಳಿಂದ ಆ ಪ್ರಾಂತ್ಯ ಬಹುಮಟ್ಟಿಗೆ ನೋ-ಫಾಲ್ಟ್‌ಗೆ ಹೊರಳಿತು. ಇದರಿಂದ ದಾವೆ ಹೂಡುವ ಹಕ್ಕು ಹೋಯಿತು ಎಂದು ವಕೀಲರು ದೂರುತ್ತಾರೆ. ತೀವ್ರ ಗಾಯವಾದವರ ವಿಷಯದಲ್ಲಿ ಆ ದೂರು ಗಂಭೀರವಾದದ್ದೇ. ಆದರೆ ಕತ್ತು ಉಳುಕಿದವರ ಮಟ್ಟಿಗೆ ಮೊದಲು ಜಗಳವಿಲ್ಲದೆ ಚಿಕಿತ್ಸೆ, ಆಮೇಲೆ ಲೆಕ್ಕ ಕೇಳುವುದು ಎಂಬ ಕ್ರಮ ಸರಿಯಾದದ್ದು. ಇದಕ್ಕೆ ಬದಲಾಗಿ, ಕೆನಡಾದ ಒಂಟಾರಿಯೊದಲ್ಲಿ ಇಂಥ ಸಣ್ಣ ಗಾಯಗಳಿಗೆ ಒಟ್ಟು 3,500 ಡಾಲರ್‌ನ ಮಿತಿ. ಯಾವ ಚಿಕಿತ್ಸೆ ಮಾಡಿಸಿಕೊಂಡರೂ ಅದರೊಳಗೇ ಮುಗಿಸಬೇಕು.

ಬ್ರಿಟಿಷ್ ಕೊಲಂಬಿಯಾ ಕೊಡುವಂಥ 12 ಸಲದ ಅಕ್ಯುಪಂಕ್ಚರ್‌ನಲ್ಲಿ ರೋಗಿ ಏನನ್ನು ಗಮನಿಸಬೇಕು? ಸೂಜಿ ಹಾಕಿಸಿಕೊಂಡ ಸಂಜೆ ಹಗುರವೆನಿಸುವುದು ಸಾಲದು. ರಿವರ್ಸ್ ತೆಗೆಯುವಾಗ ಕತ್ತು ಎಷ್ಟು ಹೊರಳುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಮಾತ್ರೆ ಎಷ್ಟಕ್ಕೆ ಇಳಿದಿದೆ, ಇವು ಅಳತೆಗಳು. ನಾಲ್ಕೈದು ಸಲಕ್ಕೆ ಇವುಗಳಲ್ಲಿ ಒಂದೂ ಕದಲದಿದ್ದರೆ ಉಳಿದ ಸಂಖ್ಯೆ ಬಾಕಿಯಿದೆ ಎಂಬ ಕಾರಣಕ್ಕೆ ಹೋಗಬಾರದು. ಜೊತೆಗೆ ಕತ್ತಿನ ವ್ಯಾಯಾಮ ಬಿಡಬಾರದು. ಭುಜದ ಮೇಲಿನ ಬಿಗಿದ ಸ್ನಾಯುವಿಗೆ ಚುಚ್ಚುವಾಗ ಅದರ ಕೆಳಗೇ ಶ್ವಾಸಕೋಶದ ತುದಿಯಿರುತ್ತದೆ. ಅಪರೂಪಕ್ಕಾದರೂ ಸೂಜಿ ಅಲ್ಲಿಗೆ ತಾಗಿ ಎದೆಯೊಳಗೆ ಗಾಳಿ ಸೇರಿದ ಪ್ರಸಂಗಗಳು ವೈದ್ಯಕೀಯ ದಾಖಲೆಯಲ್ಲಿವೆ. ಪರವಾನಗಿ ಇಲ್ಲದವರ ಕೈಗೆ ಬೆನ್ನು ಕೊಡಬಾರದು ಎನ್ನಲು ಇದೊಂದೇ ಕಾರಣ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು.

ಇನ್ನು ನಮ್ಮ ದೇಶದ ಮಾತು. ಭಾರತಕ್ಕೆ ಅಕ್ಯುಪಂಕ್ಚರ್ ಬಂದದ್ದು ಡಾ. ಬಿಜಯ್ ಕುಮಾರ್ ಬಸು ಅವರಿಂದ. 1938ರಲ್ಲಿ ಡಾ. ದ್ವಾರಕಾನಾಥ ಕೊಟ್ನಿಸರ ಜೊತೆ ಚೀನಾಕ್ಕೆ ಹೋದ ವೈದ್ಯ ತಂಡದಲ್ಲಿದ್ದ ಅವರು, 1950ರ ದಶಕದ ಕೊನೆಯಲ್ಲಿ ಈ ವಿದ್ಯೆ ಕಲಿತುಬಂದು ಕೋಲ್ಕತ್ತದಲ್ಲಿ ಆರಂಭಿಸಿದರು. ಪಶ್ಚಿಮ ಬಂಗಾಳ 1996ರಲ್ಲಿ ಇದಕ್ಕೆ ಕಾನೂನು ಮಾಡಿತು, ಮುಂದೆ ಮಹಾರಾಷ್ಟ್ರವೂ ಮಾಡಿತು. ಕರ್ನಾಟಕದಲ್ಲಿ ಇದಕ್ಕೊಂದು ಬೇರೆ ಬಾಗಿಲಿದೆ: ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪಠ್ಯಕ್ರಮದಲ್ಲಿ ಅಕ್ಯುಪಂಕ್ಚರ್ ಸೇರಿದೆ, ಉಜಿರೆಯಂಥ ಕಡೆ ಈ ಪದವಿಯ ಕಾಲೇಜುಗಳು ದಶಕಗಳಿಂದ ನಡೆಯುತ್ತಿವೆ. ಆದರೆ ನಮ್ಮ ಆರೋಗ್ಯ ವಿಮೆ ಬಹುತೇಕ ಆಸ್ಪತ್ರೆಯಲ್ಲಿ ದಾಖಲಾದವರದ್ದು. ವಾರಕ್ಕೆರಡು ಸಲ ಹೋಗಿಬರುವ ಚಿಕಿತ್ಸೆ ಅದರ ಕಣ್ಣಿಗೆ ಬೀಳುವುದೇ ಅಪರೂಪ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಚಿಕಿತ್ಸೆಯ ಖರ್ಚನ್ನೂ ಮುಂದಿನ ಖರ್ಚನ್ನೂ ಕೇಳಲು ಅವಕಾಶವಿದೆ. ಆದರೆ ಹಣ ಬರುವುದು ತೀರ್ಪಿನ ನಂತರ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 164ನೇ ಕಲಂ ತಪ್ಪು ಯಾರದೆಂದು ಕೇಳದೆ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೊಡುತ್ತದೆ. ಕತ್ತಿನ ಉಳುಕನ್ನು ಆ ವ್ಯಾಖ್ಯೆಯೊಳಗೆ ತರುವುದು ಕಷ್ಟ.

ಸರ್ಕಾರಗಳು ತುರ್ತು ಚಿಕಿತ್ಸೆಯತ್ತ ಗಮನ ಕೊಟ್ಟಿವೆ, ಅದು ಸರಿಯೇ. 2016ರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಕರ್ನಾಟಕದ ರಸ್ತೆಗಳಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಕೊಟ್ಟಿತು. ಕೇಂದ್ರದ 2025ರ ನಗದುರಹಿತ ಯೋಜನೆಯಲ್ಲಿ ಏಳು ದಿನಕ್ಕೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಿದೆ. ಜೀವ ಉಳಿಸಲು ಇವು ಬೇಕೇ ಬೇಕು. ಆದರೆ ಕುತ್ತಿಗೆಯ ನೋವು ವಾಸಿಯಾಗುತ್ತದೋ ಬೇರೂರುತ್ತದೋ ಎಂಬುದು ತೀರ್ಮಾನವಾಗುವುದು ಎಂಟನೇ ದಿನದಿಂದ ಮುಂದಿನ ಎರಡು ಮೂರು ತಿಂಗಳಲ್ಲಿ. ಆ ಅವಧಿಯಲ್ಲಿ ಡೆಲಿವರಿ ಬೈಕಿನ ಹುಡುಗ, ಆಟೋ ಓಡಿಸುವವರು, ಗಾರ್ಮೆಂಟ್ಸ್ ಬಸ್ಸಿನ ಹೆಣ್ಣುಮಕ್ಕಳು ನೋವಿನ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ಥರ್ಡ್ ಪಾರ್ಟಿ ವಿಮೆಯಿಂದ ಹೊರರೋಗಿ ಚಿಕಿತ್ಸೆಗೆ ಒಂದು ಸಣ್ಣ ಮೊತ್ತವನ್ನು 12 ವಾರಕ್ಕೆ ತೆಗೆದಿಟ್ಟರೆ ಅದು ಮೊದಲು ಹೋಗಬೇಕಾದ್ದು ಫಿಸಿಯೋಥೆರಪಿಗೆ. ಆರನೇ ವಾರಕ್ಕೂ ಕತ್ತು ಬಿಡದವರಿಗೆ, ನೋಂದಾಯಿತ ಚಿಕಿತ್ಸಕರಿಂದ, ಆರು ಸಲದ ಅಕ್ಯುಪಂಕ್ಚರ್. ಗುಣ ಕಂಡರೆ ಮತ್ತೆ ಆರು.